ಕುದೇರಿನ ಹರಳೆಣ್ಣೆ

ಇನಾಯತ್ ಉಲ್ಲಾ ಅವರ ಅಂಗಡಿ ಇರುವುದು ಚಾಮರಾಜನಗರದ ಗಾಳಿಪುರದಲ್ಲಿ. ಔಷಧಿ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಿಷನ್ನು, ನೀರೆತ್ತುವ ಸಣ್ಣ ಇಂಜಿನ್ನು ಇಂಥವನ್ನು ಅವರು ರಿಪೇರಿ ಮಾಡುತ್ತಾರೆ. ಹನ್ನೆರಡು ವರ್ಷದ ಹಿಂದೆ ನಾನು ಕರವಸ್ತ್ರದಲ್ಲಿ ಸುತ್ತಿಕೊಂಡು ಅಲ್ಲಿಗೆ ಒಯ್ದದ್ದು ಅವರು ಅದುವರೆಗೆ ಕಂಡಿರದ ಒಂದು ಇಂಜಿನ್ನು. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಮಾದರಿ ವಿಮಾನಕ್ಕೆ ಕೂರಿಸುವಂಥದು.

ನಾನು ಗುಂಡ್ಲುಪೇಟೆಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವನು. ಭಾನುವಾರ ಬಂತೆಂದರೆ ಹತ್ತಾರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೇಗೂರಿನಾಚೆ ಒಂದು ಒಣಗಿದ ಕೆರೆಯಂಗಳದಲ್ಲಿ ವಿಮಾನ ಹಾರಿಸುತ್ತಿದ್ದೆ. ಆ ವಾರ ಇಂಜಿನ್ನು ಗಾಳಿಯಲ್ಲೇ ನಿಂತುಹೋಗಿತ್ತು. ಮೈಸೂರಿನಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಅದನ್ನು ಆಟದ ಸಾಮಾನು ಎಂದು ನಕ್ಕು ಹಿಂದಕ್ಕೆ ಕೊಟ್ಟಿದ್ದರು.

ಇನಾಯತ್ ಉಲ್ಲಾ ನಗಲಿಲ್ಲ. ಹೆಬ್ಬೆರಳಿನಿಂದ ಅದರ ದಂಡವನ್ನು ಮೆಲ್ಲಗೆ ತಿರುಗಿಸಿದರು, ಕಿವಿಯ ಹತ್ತಿರ ಹಿಡಿದರು, ಮೂಸಿದರು.

"ಮೇಷ್ಟ್ರೇ, ಇದಕ್ಕೆ ಯಾವ ಎಣ್ಣೆ ಕುಡಿಸ್ತಿದ್ದೀರಿ?"

"ಪೆಟ್ರೋಲ್ ಬಂಕಿನಲ್ಲಿ ಸಿಗೋ ಟು-ಸ್ಟ್ರೋಕ್ ಆಯಿಲ್."

"ಅದಕ್ಕೇ ಸತ್ತದೆ," ಎಂದರು.

ಈ ಪುಟ್ಟ ಇಂಜಿನ್ನಿಗೆ ಎಣ್ಣೆಯ ಬೇರೆ ತೊಟ್ಟಿ ಇರುವುದಿಲ್ಲ. ಇಂಧನದಲ್ಲಿಯೇ ಎಣ್ಣೆ ಬೆರೆಸಿರಬೇಕು. ಇಂಧನ ಪೆಟ್ರೋಲಲ್ಲ, ಮೆಥನಾಲು. ಬಂಕಿನ ಎಣ್ಣೆ ಪೆಟ್ರೋಲಿನಲ್ಲಿ ಕರಗುತ್ತದೆ, ಮೆಥನಾಲಿನಲ್ಲಿ ಕರಗುವುದಿಲ್ಲ. ಡಬ್ಬಿಯ ತಳದಲ್ಲಿ ಎಣ್ಣೆ ಕೂತಿರುತ್ತದೆ, ಇಂಜಿನ್ನಿಗೆ ಬರೀ ಮೆಥನಾಲು ಹೋಗುತ್ತದೆ. ರಸಾಯನಶಾಸ್ತ್ರದ ಮೇಷ್ಟ್ರಾದ ನನಗೆ ಇದು ಹೊಳೆದಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಇನಾಯತ್ ಉಲ್ಲಾ ನನ್ನ ಡಬ್ಬಿಯನ್ನು ಬೆಳಕಿಗೆ ಹಿಡಿದು ಎರಡು ಪದರ ತೋರಿಸಿದಾಗ ನನಗೆ ನಾಚಿಕೆಯಾಯಿತು.

ಅವರ ತಂದೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದು ಆ ಕಸುಬು ಮುಳುಗಿದಾಗ ಮಗ ಮೈಸೂರಿನ ಲೇತು ಕಾರ್ಖಾನೆಯೊಂದಕ್ಕೆ ಸೇರಿದರು. ಒಂಬತ್ತು ವರ್ಷ ಅಲ್ಲಿ ದುಡಿದು, ಫಖ್ರುನ್ನೀಸಾ ಅವರನ್ನು ಮದುವೆಯಾಗಿ, ಊರಿಗೆ ಬಂದು ಅಂಗಡಿ ಇಟ್ಟರು. ಮಾತು ಕಡಿಮೆ, ಕೋಪ ಜಾಸ್ತಿ. ಸುಳ್ಳು ಕೆಲಸ ಕಂಡರೆ ಆಗುತ್ತಿರಲಿಲ್ಲ. ಬೇರೆಯವರು ಸಡಿಲವಾಗಿ ಬಿಗಿದ ಒಂದು ಸ್ಕ್ರೂ ಕಂಡರೂ ಅವರ ಬಾಯಿಂದ ಬೈಗುಳ ಬರುತ್ತಿತ್ತು.

ಆ ಬೇಸಿಗೆ ಪೂರ್ತಿ ಅವರು ಎಣ್ಣೆ ಹುಡುಕಿದರು. ಮೂರು ಪಾಲು ಮೆಥನಾಲು, ಒಂದು ಪಾಲು ಎಣ್ಣೆ; ಸೀಸೆಯಲ್ಲಿ ಕುಲುಕಿ ಕಿಟಕಿಯಲ್ಲಿಡುವುದು; ಮಾರನೇ ದಿನ ನೋಡುವುದು. ತಿಳಿಯಾಗಿದ್ದರೆ ಪಾಸು, ಕದಡಿದ್ದರೆ ಫೇಲು. ಕದಡಿದ್ದಕ್ಕೆ ಅವರು ಹಾಲಿಗೆ ಹೇಳುವಂತೆ "ಒಡೆದದೆ" ಎನ್ನುತ್ತಿದ್ದರು. ಅಡುಗೆಮನೆಯ ಸೀಸೆಗಳೆಲ್ಲ ಕಿಟಕಿ ಸೇರಿದ್ದಕ್ಕೆ ಫಖ್ರುನ್ನೀಸಾ ಉರ್ದುವಿನಲ್ಲಿ ಬೈಯುತ್ತಲೇ ಇದ್ದರು. ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆ, ಪಾಮಾಯಿಲು ಎಲ್ಲ ಒಡೆದವು. ಹರಳೆಣ್ಣೆಯೊಂದೇ ಮೆಥನಾಲಿನೊಂದಿಗೆ ಒಂದಾಗುತ್ತಿತ್ತು. ಆದರೆ ದೀಪಕ್ಕೆಂದು ಅಂಗಡಿಯಲ್ಲಿ ಮಾರುವ ಹರಳೆಣ್ಣೆ ಹತ್ತು ನಿಮಿಷಕ್ಕೆ ಒಡೆಯಿತು.

"ನೋಡಿ ಮೇಷ್ಟ್ರೇ, ದೇವರಿಗೂ ಕಲಬೆರಕೆ. ಈ ಸೀಸೆ ಸುಳ್ಳು ಹೇಳಲ್ಲ," ಎಂದರು. ಆ ಮಾತನ್ನು ಅವರು ಬಹಳ ನಂಬಿದ್ದರು.

ಚಿಕ್ಕಬಸವಯ್ಯ ಸಿಕ್ಕಿದ್ದು ಆಗಲೇ. ಕುದೇರಿನವರು, ಬೇರೆಯವರ ಹೊಲದಲ್ಲಿ ಕೂಲಿ ಮಾಡಿಕೊಂಡು, ತಮ್ಮದೇ ಆದ ಮುಕ್ಕಾಲು ಎಕರೆಯ ಬದುವಿನ ಸುತ್ತ ಹರಳು ಗಿಡ ಬೆಳೆದುಕೊಂಡಿದ್ದವರು. ಔಷಧಿ ಪಂಪಿನ ವಾಷರು ಹಾಕಿಸಲು ಬಂದು ಅಂಗಡಿಯ ಮುಂದೆ ಕೂತಿದ್ದಾಗ ಅವರ ತಲೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು.

"ಯಾವ ಎಣ್ಣೆ ಅದು?"

"ನಮ್ಮನೇದೇ ಕಣಣ್ಣ. ಅಳ್ಳೆಣ್ಣೆ. ನಮ್ ಎಂಗ್ಸು ಕಾಯ್ಸಿದ್ದು."

ಇನಾಯತ್ ಉಲ್ಲಾ ಅವತ್ತೇ ನನ್ನ ಬೈಕಿನ ಹಿಂದೆ ಕೂತು ಕುದೇರಿಗೆ ಹೋದರು. ಚಿಕ್ಕಬಸವಯ್ಯನವರ ಹೆಂಡತಿ ಚಿಕ್ಕನಿಂಗಮ್ಮ ಮಾಡುತ್ತಿದ್ದುದು ಹಳೆಯ ಪದ್ಧತಿಯ ಎಣ್ಣೆ: ಹರಳನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದುಕೊಳ್ಳುವುದು. ಊರಿನ ಬಾಣಂತಿಯರೆಲ್ಲ ಅವರ ಎಣ್ಣೆಯನ್ನೇ ಒಯ್ಯುತ್ತಿದ್ದರು. ಹಸುಗೂಸಿನ ನೆತ್ತಿಗೆ ಚಿಕ್ಕನಿಂಗಮ್ಮನ ಎಣ್ಣೆ ಬಿತ್ತೆಂದರೆ ಮಗು ಗಟ್ಟಿಯಾಗುತ್ತದೆಂಬುದು ಅಲ್ಲಿನ ಹೆಂಗಸರ ನಂಬಿಕೆ. ಎಣ್ಣೆ ಮೆಥನಾಲಿನಲ್ಲಿ ಕರಗಿತು, ಆದರೆ ಹುರಿದ ಬೀಜದ ಎಣ್ಣೆ ಇಂಜಿನ್ನಿನ ಒಳಗೆ ಕಪ್ಪು ಕಟ್ಟಿತು. ಹುರಿಯದೆ, ಕುದಿಸದೆ, ಹಸಿ ಬೀಜವನ್ನೇ ಹಿಂಡಬೇಕಿತ್ತು. ಇನಾಯತ್ ಉಲ್ಲಾ ಹಳೆಯ ಲಾರಿ ಜಾಕಿನಿಂದ ಒಂದು ಹಿಂಡುವ ಮಿಷನ್ನು ಮಾಡಿ ಕುದೇರಿನ ಆ ಮನೆಯ ಜಗುಲಿಯಲ್ಲಿ ಕೂರಿಸಿಕೊಟ್ಟರು. ಮೊದಲ ಸಲ ಹಿಂಡಿದ ತೆಳು ಹಳದಿ ಎಣ್ಣೆಯನ್ನು ನಾವು ಒಯ್ದೆವು. ಆ ಭಾನುವಾರ ಬೇಗೂರಿನ ಕೆರೆಯಂಗಳದಲ್ಲಿ ಇಂಜಿನ್ನು ಕೂಗಿದ ಸದ್ದು ಕೇಳಿ ಇನಾಯತ್ ಉಲ್ಲಾ ಟೋಪಿ ತೆಗೆದು ತಲೆ ಕೆರೆದುಕೊಂಡು, ಯಾರ ಮುಖವನ್ನೂ ನೋಡದೆ, ಬಹಳ ಹೊತ್ತು ನಗುತ್ತಿದ್ದರು.

ಎಂಟು ವರ್ಷ ಹೀಗೇ ನಡೆಯಿತು. ಮೈಸೂರಿನಿಂದ, ಊಟಿಯಿಂದ ಹಾರಿಸುವವರು ಅವರ ಇಂಧನ ಹುಡುಕಿಕೊಂಡು ಬಂದರು. ಚಿಕ್ಕಬಸವಯ್ಯ ಪೇಟೆಗೆ ಬಂದಾಗ ಗಾಳಿಪುರದ ಮನೆಯಲ್ಲಿ ಟೀ ಕುಡಿಯದೆ ಹೋಗುತ್ತಿರಲಿಲ್ಲ. ಅವರ ಮಗಳು ಶಿವಲಕ್ಷ್ಮಿಯ ಮದುವೆಗೆ ಫಖ್ರುನ್ನೀಸಾ ಸೀರೆ ಆರಿಸಿಕೊಟ್ಟರು.

ಎರಡು ಸಾವಿರದ ಇಪ್ಪತ್ತೆರಡರ ಮಳೆ ಚಾಮರಾಜನಗರದವರಿಗೆ ಮರೆಯುವಂಥದಲ್ಲ. ಕೆರೆಗಳೆಲ್ಲ ಕೋಡಿ ಬಿದ್ದವು. ಹರಳಿನ ಗೊಂಚಲು ಗಿಡದಲ್ಲೇ ಬೂಷ್ಟು ಹಿಡಿದು ಕೊಳೆಯಿತು. ಆದರೂ ಚಿಕ್ಕಬಸವಯ್ಯ ಎಂದಿನಂತೆ ಎಣ್ಣೆ ತಂದುಕೊಟ್ಟರು, ಎಂದಿನಷ್ಟೇ. ಇನಾಯತ್ ಉಲ್ಲಾ ಅದನ್ನು ಬೆರೆಸಿ ಕಿಟಕಿಯಲ್ಲಿಟ್ಟರು. ಬೆಳಿಗ್ಗೆ ನೋಡಿದರೆ ಸೀಸೆಯಲ್ಲಿ ಎಣ್ಣೆ ಒಡೆದಿತ್ತು. ಮತ್ತೊಮ್ಮೆ ಬೆರೆಸಿದರು. ಮತ್ತೆ ಒಡೆಯಿತು.

ನನಗೆ ಫೋನು ಮಾಡಿ ಕರೆಸಿದರು. ಸೀಸೆಯನ್ನು ನನ್ನ ಕೈಗಿಟ್ಟು, "ಬೆಳೆ ಕೊಳೆತದೆ, ಎಣ್ಣೆ ಮಾತ್ರ ಕಮ್ಮಿಯಾಗಿಲ್ಲ. ಎಲ್ಲಿಂದ ಬಂತು ಮೇಷ್ಟ್ರೇ? ಪಾಮಾಯಿಲು ಸುರಿದವ್ನೆ," ಎಂದರು.

"ಕೇಳಿ ನೋಡೋಣ," ಎಂದೆ.

ಕೇಳಲೆಂದೇ ಹೊರಟೆವು. ಅವತ್ತು ಸಂತೇಮರಹಳ್ಳಿಯ ಸಂತೆ. ಚಿಕ್ಕನಿಂಗಮ್ಮ ಗೋಣಿತಾಟಿನ ಮೇಲೆ ಸೀಸೆ ಜೋಡಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಗಂಡ. ಪಕ್ಕಕ್ಕೆ ಕರೆದು ಮಾತಾಡುವುದೆಂದು ದಾರಿಯಲ್ಲಿ ಇನಾಯತ್ ಉಲ್ಲಾ ನನಗೆ ಹೇಳಿದ್ದರು. ಆದರೆ ನಾವು ಹೋಗಿ ನಿಲ್ಲುವ ಹೊತ್ತಿಗೆ ಒಬ್ಬ ಹೆಂಗಸು ಬಾಣಂತಿ ಸೊಸೆಗೆಂದು ಎಣ್ಣೆ ಅಳೆಸಿಕೊಳ್ಳುತ್ತಿದ್ದಳು. ಅದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

"ತಾಯಿ, ಆ ಎಣ್ಣೆ ಮಗೂಗೆ ಹಾಕಬೇಡಿ! ಕಲಬೆರಕೆ ಅದು!"

ಸುತ್ತಲಿನ ಜನ ತಿರುಗಿದರು. ಅಳೆಯುತ್ತಿದ್ದ ಚಿಕ್ಕನಿಂಗಮ್ಮನ ಕೈ ಹಾಗೇ ನಿಂತಿತು. ಚಿಕ್ಕಬಸವಯ್ಯ ಎದ್ದು ನಿಂತರು.

"ಏನಂದ್ರಿ ಇನಾಯತಣ್ಣ?"

ಇನಾಯತ್ ಉಲ್ಲಾ ಕದಡಿದ ಸೀಸೆಯನ್ನು ಎತ್ತಿ ಹಿಡಿದರು. "ಇದೇನು? ನೀನೇ ಹೇಳು, ಇದೇನು?"

"ನಂಗೆಂಗೊತ್ತಣ್ಣ? ನಾನು ಯಾವ್ದೂ ಬೆರ್ಸಿಲ್ಲ. ನಿಮ್ ಸ್ಪಿರಿಟ್ಟೇ ಕೆಟ್ಟಿರ್ಬೇಕು ನೋಡಿ."

ಇನಾಯತ್ ಉಲ್ಲಾ ನನ್ನ ಕಡೆ ತಿರುಗಿದರು. ಅವರು ಸ್ಪಿರಿಟ್ಟೆನ್ನುವ ಮೆಥನಾಲು ತರಿಸುವುದು, ಕಾಲೇಜಿನ ಲ್ಯಾಬಿನಲ್ಲಿ ಇಟ್ಟುಕೊಳ್ಳುವುದು ನನ್ನ ಕೆಲಸ.

"ಮೇಷ್ಟ್ರೇ, ಸ್ಪಿರಿಟ್ಟು ಹೆಂಗದೆ?"

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಆ ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಮೂಲೆ ಸೋರುತ್ತಿತ್ತು. ಮೆಥನಾಲಿನ ಡ್ರಮ್ಮು ಆ ಮೂಲೆಯಲ್ಲೇ ಇತ್ತು. ಒಂದು ಬೆಳಿಗ್ಗೆ ಅದರ ಮುಚ್ಚಳದ ಸುತ್ತ ನೀರು ನಿಂತಿದ್ದನ್ನು ಕಂಡು ನಾನು ಬಟ್ಟೆಯಿಂದ ಒರೆಸಿದ್ದೆ. ಮುಚ್ಚಳದ ವಾಷರು ಬಿರಿದಿತ್ತು. ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗುವ ಡ್ರಮ್ಮು ಮೇಲೆ ನಿಂತ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮೆಥನಾಲು ಎಷ್ಟು ನೀರನ್ನಾದರೂ ಸದ್ದಿಲ್ಲದೆ ಕುಡಿಯುತ್ತದೆ. ನೀರು ಸೇರಿದ ಮೆಥನಾಲಿನಲ್ಲಿ ಅಪ್ಪಟ ಹರಳೆಣ್ಣೆಯೂ ಕದಡುತ್ತದೆ. ಇದೆಲ್ಲ ನಾನೇ ಪಾಠ ಮಾಡಬಲ್ಲ ಸಂಗತಿ. ಸಂತೆಯಲ್ಲಿ ಅವರು ಕೇಳಿದ ಕ್ಷಣ ಆ ಒರೆಸಿದ ಬಟ್ಟೆ ನನಗೆ ನೆನಪಾಯಿತು. ಆದರೆ ನಾಲ್ಕು ಜನರೆದುರು, ಅದೂ ಒಬ್ಬ ಕೂಲಿಯವನ ಮಾತಿಗೆ, ನನ್ನ ಲ್ಯಾಬಿನದೇ ತಪ್ಪಿರಬಹುದು ಎನ್ನಲು ನನ್ನ ನಾಲಗೆ ಏಳಲಿಲ್ಲ.

"ಸರಿಯಾಗೇ ಇದೆ," ಎಂದೆ.

"ಕೇಳಿಸ್ತಾ?" ಎಂದರು ಇನಾಯತ್ ಉಲ್ಲಾ.

"ಅಂಗಾದ್ರೆ ನಮ್ಮನೆಗೆ ಬನ್ನಿ," ಎಂದರು ಚಿಕ್ಕಬಸವಯ್ಯ. "ಈಗ್ಲೇ ಬನ್ನಿ. ಬೀಜ ಅವೆ. ನಿಮ್ ಕಣ್ಣೆದ್ರುಗೇ ಇಂಡ್ತೀನಿ. ಆ ಎಣ್ಣೆ ಬೆರ್ಸಿ ನೋಡಿ."

ಅವರು ಹೋಗಿದ್ದರೆ ಎಲ್ಲವೂ ಅಲ್ಲಿಗೇ ಸರಿಹೋಗುತ್ತಿತ್ತು. ಕಣ್ಣೆದುರಿಗೆ ಹಿಂಡಿದ ಎಣ್ಣೆಯೂ ಒಡೆದು, ತಪ್ಪು ಮೆಥನಾಲಿನದೆಂದು ಗೊತ್ತಾಗುತ್ತಿತ್ತು. ಇನಾಯತ್ ಉಲ್ಲಾ ಹೋಗಲಿಲ್ಲ.

"ಕಣ್ಣೆದುರಿಗೆ ಹಿಂಡಿದ್ದು ಚೆನ್ನಾಗೇ ಇರ್ತದೆ. ಕಣ್ಣು ಮರೆಯಾದಾಗ ಏನು ಮಾಡ್ತೀಯ ಅನ್ನೋದು ನನಗೆ ಬೇಕಾಗಿರೋದು," ಎಂದುಬಿಟ್ಟರು.

ಎಣ್ಣೆ ಅಳೆಸಿಕೊಳ್ಳುತ್ತಿದ್ದ ಹೆಂಗಸು ತನ್ನ ಸೀಸೆಯಿಂದ ಎಣ್ಣೆಯನ್ನು ಚಿಕ್ಕನಿಂಗಮ್ಮನ ಪಾತ್ರೆಗೆ ವಾಪಸು ಸುರಿದು, ಎದ್ದು ಹೋದಳು.

ನಾನು ಇನಾಯತ್ ಉಲ್ಲಾ ಅವರಿಗೆ ಸಿಂಥೆಟಿಕ್ ಎಣ್ಣೆ ತರಿಸಿಕೊಟ್ಟೆ. ಹೊರದೇಶದ್ದು, ಮಾದರಿ ಇಂಜಿನ್ನಿಗೆಂದೇ ಮಾಡಿದ್ದು. ಅದೇ ಡ್ರಮ್ಮಿನ ಮೆಥನಾಲಿಗೆ ಬೆರೆಸಿದರೆ ತಿಳಿಯಾಗಿ ನಿಂತಿತು. ಆ ಬಗೆಯ ಎಣ್ಣೆ ನೀರಿನಲ್ಲೂ ಕರಗುವಂಥದು, ನೀರಿದ್ದರೂ ಅದು ಸೀಸೆಯಲ್ಲಿ ಗೊತ್ತಾಗುವುದಿಲ್ಲ. ಇನಾಯತ್ ಉಲ್ಲಾ ಅವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಡ್ರಮ್ಮನ್ನು ಪರೀಕ್ಷೆ ಮಾಡುವುದನ್ನು ನಾನು ದಿನದಿಂದ ದಿನಕ್ಕೆ ಮುಂದೂಡಿದೆ. ಮಾಡಿದರೆ ಏನು ಕಾಣುತ್ತದೆಂಬ ಭಯವಿತ್ತು.

"ನೋಡಿ, ಇದು ಒಡೀಲಿಲ್ಲ. ಅಂದ್ರೆ ಸ್ಪಿರಿಟ್ಟು ಸರಿಯಾಗದೆ, ಬಸವಯ್ಯನೇ ಸರಿಯಿಲ್ಲ," ಎಂದರು ಅವರು. ಹೇಳುವಾಗ ಖುಷಿಯಿರಲಿಲ್ಲ. ಆ ರಾತ್ರಿ ಊಟ ಬಿಟ್ಟರೆಂದು ಫಖ್ರುನ್ನೀಸಾ ನನಗೆ ಆಮೇಲೆ ಹೇಳಿದರು.

ಹೊಸ ಎಣ್ಣೆಯಲ್ಲಿ ವಿಮಾನದ ರೆಕ್ಕೆ ಜಿಡ್ಡಾಗುತ್ತಿರಲಿಲ್ಲ, ಇಂಜಿನ್ನು ತೊಳೆದಿಟ್ಟಂತೆ ಹೊಳೆಯುತ್ತಿತ್ತು. ಹುಡುಗರಿಗೆಲ್ಲ ಅದೇ ಇಷ್ಟವಾಯಿತು. ಐದು ತಿಂಗಳ ನಂತರ ಒಂದು ಭಾನುವಾರ, ಬೇಗೂರಿನಲ್ಲಿ, ನಮ್ಮ ಎಲ್ಲಕ್ಕಿಂತ ಹಳೆಯ ಇಂಜಿನ್ನು ಮೇಲೇರುವಾಗ ಕಿರ್ರೆಂದು ನಿಂತಿತು. ವಿಮಾನ ಮೂತಿ ಕೆಳಗಾಗಿ ಬಿದ್ದು ಪುಡಿಯಾಯಿತು. ಇನಾಯತ್ ಉಲ್ಲಾ ಇಂಜಿನ್ನನ್ನು ಅಂಗಡಿಗೆ ಒಯ್ದು ಬಿಚ್ಚಿದರು. ನಾನು ಎದುರಿಗಿದ್ದೆ.

ಬೇರಿಂಗಿನ ಗುಂಡುಗಳೆಲ್ಲ ಕೆಂಪಾಗಿದ್ದವು. ತುಕ್ಕು. ಅವರು ಅದನ್ನು ಬೆರಳಿನಿಂದ ಒರೆಸಿ, ಬೆರಳನ್ನೇ ನೋಡುತ್ತ ಕೂತರು.

"ಹರಳೆಣ್ಣೆ ಇದ್ದಾಗ ಇದು ಬಂದಿರಲಿಲ್ಲ," ಎಂದರು. ಬೇರಿಂಗನ್ನು ನನ್ನ ಮುಂದಿಟ್ಟು, "ತುಕ್ಕು ಬರಬೇಕಾದ್ರೆ ನೀರು ಬೇಕು. ನೀರು ಎಲ್ಲಿಂದ ಬಂತು ಮೇಷ್ಟ್ರೇ?" ಎಂದರು.

ನಾನು ಡ್ರಮ್ಮಿನ ಕಥೆ ಹೇಳಿದೆ. ವಾಷರು ಬಿರಿದದ್ದು, ನಾನು ಒರೆಸಿದ್ದು, ಸಂತೆಯಲ್ಲಿ ನೆನಪಾದದ್ದು, ಎಲ್ಲ. ಅವರು ಬೈಯಲಿಲ್ಲ. ಅಟ್ಟದ ಮೇಲಿಂದ ಕುದೇರಿನ ಎಣ್ಣೆಯ ಉಳಿದ ಕ್ಯಾನು ಇಳಿಸಿದರು. "ಸೀಲು ಒಡೆಯದ ಸ್ಪಿರಿಟ್ಟು ಲ್ಯಾಬಲ್ಲಿ ಇದ್ಯಾ? ತನ್ನಿ," ಎಂದರು. ಮಾರನೇ ದಿನ ಒಂದು ಹೊಸ ಬಾಟಲಿ ಒಯ್ದು ಕೊಟ್ಟೆ. ಬೆರೆಸಿ, ಕುಲುಕಿ, ಕಿಟಕಿಯಲ್ಲಿಟ್ಟರು. ಕಾಯಬೇಕಾಗಿಯೇ ಇರಲಿಲ್ಲ. ಅದು ಆಗಲೇ ತಿಳಿಯಾಗಿತ್ತು, ಆಚೆ ಬದಿಯ ರಸ್ತೆ ಕಾಣುವಷ್ಟು. ಆದರೂ ಮರುದಿನ ಬೆಳಿಗ್ಗೆಯವರೆಗೆ ಇಟ್ಟರು. ತಿಳಿಯಾಗಿಯೇ ಇತ್ತು.

"ತಪ್ಪು ನನ್ನದು," ಎಂದೆ.

"ನೀರು ನಿಮ್ಮದು ಮೇಷ್ಟ್ರೇ. ಬಾಯಿ ನನ್ನದಲ್ವಾ?" ಎಂದರು. ಆಮೇಲೆ ಅವರು ನನ್ನನ್ನು ಎಲ್ಲಿಗೂ ಜೊತೆಗೆ ಕರೆಯಲಿಲ್ಲ. ಮುಂದಿನದೆಲ್ಲ ನಾನು ಫಖ್ರುನ್ನೀಸಾ ಅವರ ಬಾಯಿಂದಲೂ, ಸ್ವಲ್ಪ ಸಂತೆಯವರಿಂದಲೂ ಕೇಳಿದ್ದು.

ಮರುದಿನ ಗಂಡಹೆಂಡತಿ ಇಬ್ಬರೂ ಕುದೇರಿಗೆ ಹೋದರು. ಬದುವಿನ ಮೇಲೆ ಹರಳು ಗಿಡ ಒಂದೂ ಇರಲಿಲ್ಲ, ಕಡಿದು ಹಾಕಿದ್ದರು. ಜಗುಲಿಯಲ್ಲಿ ಮಿಷನ್ನಿರಲಿಲ್ಲ, ಗುಜರಿಗೆ ಹೋಗಿತ್ತು. ಚಿಕ್ಕಬಸವಯ್ಯ ಬದನಗುಪ್ಪೆಯ ಒಂದು ಫ್ಯಾಕ್ಟರಿಯಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ್ದರು. ಮನೆಯಲ್ಲಿ ಚಿಕ್ಕನಿಂಗಮ್ಮ ಒಬ್ಬರೇ ಇದ್ದರು. ಕೂರಿ ಎನ್ನಲಿಲ್ಲ.

ಇನಾಯತ್ ಉಲ್ಲಾ ನಿಂತುಕೊಂಡೇ ಎಲ್ಲ ಹೇಳಿದರು, ತಮಗೆ ಅನುಮಾನ ಯಾಕೆ ಬಂತೆಂಬುದನ್ನೂ. ಆಕೆ ಕೊನೆಯವರೆಗೂ ಕೇಳಿದರು.

"ಬೆಳೆ ಕೊಳ್ತೋಗಿತ್ತು, ಎಣ್ಣೆ ಎಲ್ಲಿಂದ ಬಂತು ಅಂದ್ಕಂಡ್ರಲ್ಲ," ಎಂದರು. "ಇನಾಯತಣ್ಣನ್ಗೆ ಮಾತು ಕೊಟ್ಟಿವ್ನಿ ಅಂತ ಮಳೇಲಿ ಊರೂರು ತಿರುಗಿ, ಮನೆಮನೇಲಿ ಸೇರು ಅಚ್ಚೇರು ಬೀಜ ಈಸ್ಕಬಂದ ನಮ್ಮೆಜಮಾನ. ಜ್ವರ ಬಂದು ಎಂಟು ದಿನ ಮಲಗಿದ್ದ. ಅದುನ್ನ ಯಾರ್ ಕೇಳಿದ್ರು?"

ಫಖ್ರುನ್ನೀಸಾ ಆಕೆಯ ಕೈ ಹಿಡಿಯಲು ಹೋದರು. ಆಕೆ ಕೈ ಹಿಂದಕ್ಕೆಳೆದುಕೊಂಡರು.

"ನನ್ ಮಗ್ಳು ಎತ್ತಳು ಕಣಮ್ಮ. ಮೊಮ್ಮಗೀನ ತಲೆಗೆ ಅಂತ ನಾನು ಎಣ್ಣೆ ಕಳುಸ್ದೆ. ಅವ್ಳ ಅತ್ತೆ ಸೀಸೆಯ ಬಿರಡೇನೂ ತಗೀದೆ ವಾಪಸ್ ಕಳುಸ್ಬುಟ್ಳು. ನಮ್ ಕೂಸ್ಗೆ ಕಲಬೆರಕೆ ಬ್ಯಾಡ ಅಂತ. ಊರೋರ ಮಕ್ಳಿಗೆಲ್ಲ ಆಕ್ದೆ. ನನ್ ಮೊಮ್ಮಗೂಗೆ ಆಕಕ್ಕಾಗ್ನಿಲ್ಲ." ಆಮೇಲೆ ಇನಾಯತ್ ಉಲ್ಲಾ ಅವರ ಕಡೆ ತಿರುಗಿದರು. "ಸಂತೇಲಿ ಅಂದ್ರಿ. ಸಂತೇಲೇ ನಿಂತು ಅನ್ನಿ ಓಗಿ. ಮನೇಲಿ ಬಂದು ಗುಟ್ಟಲ್ಲಿ ಏಳ್ಬ್ಯಾಡಿ."

ಇನಾಯತ್ ಉಲ್ಲಾ ಮೊದಲು ಬದನಗುಪ್ಪೆಗೆ ಹೋದರು. ಪಾಳಿ ಬದಲಾಗುವ ಹೊತ್ತಿಗೆ ಗೇಟಿನ ಹೊರಗೆ ಕಾದು ನಿಂತರು. ಚಿಕ್ಕಬಸವಯ್ಯ ನೀಲಿ ಅಂಗಿ ತೊಟ್ಟು ಹೊರಬಂದರು. ಅವರ ತಲೆ ಒಣಗಿ ಕೆಂಚಾಗಿತ್ತಂತೆ. ಎಣ್ಣೆ ಸೋಕಿಸುವುದನ್ನೇ ಬಿಟ್ಟಿದ್ದರು. ಇನಾಯತ್ ಉಲ್ಲಾ ಹೇಳಿದ್ದನ್ನೆಲ್ಲ ಅವರು ತಲೆ ತಗ್ಗಿಸಿಕೊಂಡು ಕೇಳಿ, "ಆಯ್ತು ಬುಡಿ ಸಾಬ್ರೇ, ಬಸ್ಸು ಬತ್ತದೆ," ಎಂದು ನಡೆದುಬಿಟ್ಟರು.

ಎಂಟು ವರ್ಷ ಇನಾಯತಣ್ಣ ಎಂದು ಕರೆದವರು ಸಾಬ್ರೇ ಎಂದರಲ್ಲ, ಅದನ್ನು ಮನೆಗೆ ಬಂದು ಹೇಳುವಾಗ ಇನಾಯತ್ ಉಲ್ಲಾ ಅತ್ತರಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದರಂತೆ.

ಮುಂದಿನ ವಾರ ಸಂತೇಮರಹಳ್ಳಿಯ ಸಂತೆಯಲ್ಲಿ, ಚಿಕ್ಕನಿಂಗಮ್ಮ ಕೂರುತ್ತಿದ್ದ ಜಾಗದಲ್ಲೇ, ಇನಾಯತ್ ಉಲ್ಲಾ ನಿಂತರು. ಕೈಯಲ್ಲಿ ತಿಳಿಯಾದ ಸೀಸೆ. ಆ ಜಾಗದಲ್ಲಿ ಆಗ ಯಾರೋ ಪ್ಲಾಸ್ಟಿಕ್ ಬಕೆಟ್ಟು ಮಾರುತ್ತಿದ್ದರು. ಅರವತ್ತು ದಾಟಿದ ಮನುಷ್ಯ ಗಂಟಲು ಕಿತ್ತುಕೊಂಡು ಕೂಗಿದರು: ಕುದೇರಿನ ಚಿಕ್ಕನಿಂಗಮ್ಮನ ಎಣ್ಣೆಯಲ್ಲಿ ಕಲಬೆರಕೆ ಇರಲಿಲ್ಲ, ಸುಳ್ಳು ಹೇಳಿದವನು ನಾನು, ಆ ಎಣ್ಣೆ ಚಿನ್ನದಂಥದು. ಜನ ನಿಂತರು. ಕೆಲವರು ಮೊಬೈಲು ಎತ್ತಿ ಹಿಡಿದರು. ಒಬ್ಬಾತ, "ಅವರ ಕಡೆಯಿಂದ ಎಷ್ಟು ಸಿಕ್ತು ಸಾಬ್ರೇ?" ಎಂದು ಕೇಳಿ ನಗಿಸಿದ. ಹಳೆಯ ಸಂಗತಿ ಗೊತ್ತಿದ್ದವರು ಬಹಳ ಮಂದಿ ಇರಲಿಲ್ಲ. ಗೊತ್ತಿಲ್ಲದವರು ಪಕ್ಕದವರನ್ನು ಕೇಳಿದರು. ಪಕ್ಕದವರು ಹೇಳಿದ್ದು ಇಷ್ಟೇ: "ಏನೋ ಕುದೇರು ಎಣ್ಣೇಲಿ ಕಲಬೆರಕೆ ಅಂತೆ ಕಣ."

ಅವರ ಕ್ಷಮೆಯಿಂದಲೇ ಆ ಸುದ್ದಿ ಇನ್ನೂ ನಾಲ್ಕು ಊರು ಮುಟ್ಟಿತು. ಒಂದು ವೀಡಿಯೊ ನನ್ನ ಮೊಬೈಲಿಗೂ ಬಂತು. ಅದರಲ್ಲಿ ಅವರ ಮಾತಿನ ಅರ್ಧವೇ ಇತ್ತು. ಸೀಸೆ ಎತ್ತಿ ಹಿಡಿದು 'ಕಲಬೆರಕೆ' ಎನ್ನುವಷ್ಟು. ಅದನ್ನು ಶಿವಲಕ್ಷ್ಮಿಯ ಅತ್ತೆಯೂ ನೋಡಿದಳಂತೆ.

ಇನಾಯತ್ ಉಲ್ಲಾ ಮೂರು ಸಂತೆಗೆ ಹೋದರು. ಮೂರನೆಯ ಸಂತೆಗೆ ಚಿಕ್ಕನಿಂಗಮ್ಮ ತಾವೇ ಬಂದು, "ನಿಮ್ ಕಾಲಿಗೆ ಬೀಳ್ತೀನಿ, ನಮ್ಮೆಸ್ರು ಎತ್ತೋದ ಬುಟ್ಬುಡಿ," ಎಂದು ಕೈ ಮುಗಿದರು. ಅವತ್ತಿನಿಂದ ಇನಾಯತ್ ಉಲ್ಲಾ ಸಂತೆಗೆ ಹೋಗಲಿಲ್ಲ.

ಇಂಧನ ಬೆರೆಸುವುದನ್ನೂ ಬಿಟ್ಟರು. ಊಟಿಯಿಂದ ಕಾರಿನಲ್ಲಿ ಬಂದವರಿಗೆ, "ಯಾವ ಎಣ್ಣೆ ಒಳ್ಳೇದು ಅಂತ ನನ್ನ ಕೇಳಬೇಡಿ ಸಾರ್, ನನಗೆ ತಿಳಿಯಲ್ಲ," ಎಂದು ಹೇಳಿ ಕಳಿಸಿದರು. ಈಗಲೂ ಅಂಗಡಿ ತೆರೆಯುತ್ತಾರೆ, ಪಂಪಿಗೆ ವಾಷರು ಹಾಕುತ್ತಾರೆ. ನಾನು ಹೋದರೆ ಸ್ಟೂಲು ಒರೆಸಿ ಕೊಡುತ್ತಾರೆ, ಫಖ್ರುನ್ನೀಸಾ ಟೀ ಕಳಿಸುತ್ತಾರೆ. ಇಂಜಿನ್ನಿನ ಮಾತು ನಾವು ಆಡುವುದಿಲ್ಲ. ನಮ್ಮ ಕಾಲೇಜಿನವರು ಈಗ ಬ್ಯಾಟರಿ ಮೋಟರಿನ ವಿಮಾನ ಹಾರಿಸುತ್ತಾರೆ. ಅದಕ್ಕೆ ಎಣ್ಣೆ ಬೇಡ.

ಇನಾಯತ್ ಉಲ್ಲಾ ಮಾಡಿದ್ದು ತಪ್ಪು. ಆದರೆ ಅವರು ಕುದೇರಿಗೆ ಹೋದರು, ಬದನಗುಪ್ಪೆಗೆ ಹೋದರು, ಸಂತೆಯಲ್ಲಿ ನಿಂತು ನಗೆಪಾಟಲಾದರು. ಸಂತೆಯಲ್ಲಿ ಎಲ್ಲೂ ಅವರು ನನ್ನ ಹೆಸರು ಎತ್ತಲಿಲ್ಲ. ಕುದೇರಿನ ಮನೆಯಲ್ಲೂ 'ಸ್ಪಿರಿಟ್ಟಿಗೆ ನೀರು ಸೇರಿತ್ತು' ಎಂದರೇ ಹೊರತು, ಯಾರ ಕೈಯಲ್ಲಿ ಸೇರಿತು ಎಂದು ಹೇಳಲಿಲ್ಲವಂತೆ.

ಪರೀಕ್ಷೆಯ ಪೇಪರು ತಿದ್ದಲು ಮೈಸೂರಿಗೆ ಹೋದಾಗಲೆಲ್ಲ, ಇನಾಯತ್ ಉಲ್ಲಾ ಅವರನ್ನು ನೋಡಿಕೊಂಡು ಬರಲು, ನಾನು ನಂಜನಗೂಡಿನ ಮೇಲೆ ಹೋಗುವ ಚಾಮರಾಜನಗರದ ಬಸ್ಸು ಹಿಡಿಯುತ್ತೇನೆ. ಬಸ್ಸು ಬದನಗುಪ್ಪೆಯಲ್ಲಿ ನಿಲ್ಲುತ್ತದೆ. ಹೋದ ಮಾರ್ಚಿನಲ್ಲಿ ಚಿಕ್ಕಬಸವಯ್ಯ ಅಲ್ಲಿ ಹತ್ತಿದರು, ಅದೇ ನೀಲಿ ಅಂಗಿ. ನನ್ನ ಪಕ್ಕದ ಸೀಟು ಖಾಲಿಯಿತ್ತು. "ಚೆನ್ನಾಗಿದ್ದೀರಾ ಮೇಷ್ಟ್ರೇ?" ಎಂದು ಕೇಳಿ ಕೂತರು. ಮಗಳ ಮನೆಗೆ ಹೊರಟಿದ್ದೇನೆ ಎಂದರು. ಚಾಮರಾಜನಗರ ಬರುವವರೆಗೂ ಬಿಸಿಲಿನ ಬಗ್ಗೆ, ಬಸ್ಸಿನ ರಶ್ಶಿನ ಬಗ್ಗೆ ಮಾತಾಡಿದೆವು. ಡ್ರಮ್ಮಿನ ವಿಷಯ ಹೇಳಲೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಅವರು ನನ್ನ ಮುಖ ನೋಡಿದರು, ಏನೋ ಹೇಳುತ್ತಾನೆಂದು. ಸ್ಟ್ಯಾಂಡು ಬಂತು. ಅವರು ಇಳಿದು ಹೋದರು.